ಸುಮಾಳಿಗೆ, ಸೊಂಟದ ವಿಷಯವಾಗಿ

ಪ್ರೀತಿಯ ಸುಮಾ,

ನೀನು ಇಂಗ್ಲೆಂಡಿನ ಮಾರ್ಕೆಟ್ ಹಾರ್ಬರೋದಿಂದ ಕಳಿಸಿದ ಫೋಟೋಗಳನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಸೈಮಿಂಗ್ಟನ್ ಕಂಪನಿಯವರ ಹಳೇ ಕಾರ್ಸೆಟ್ ಕಾರ್ಖಾನೆ, ಅವರು ಮಾಡುತ್ತಿದ್ದ ಆ ಕಾರ್ಸೆಟ್ 'ಪ್ರೆಟಿ ಹೌಸ್‌ಮೇಡ್'. ನಮ್ಮ ಹಾಸ್ಟೆಲ್ ಗುಂಪಿನವರೂ ಓದಲಿ ಅಂತ ಉತ್ತರ ಎಲ್ಲರ ಮುಂದೆಯೇ ಬರೆಯುತ್ತಿದ್ದೇನೆ.

ಕಾರ್ಸೆಟ್ ಅಂದ್ರೆ ಸೊಂಟ ಬಿಗಿಯುವ ಒಳಉಡುಪು, ದೊಡ್ಡ ಮನೆಯ ಹೆಂಗಸರದ್ದು, ಹಿಂದೆ ಆಳು ನಿಂತು ದಾರ ಎಳೆಯಬೇಕು ಅನ್ನೋದೇ ನಮ್ಮ ತಲೆಯಲ್ಲಿದ್ದದ್ದು, ಅಲ್ವಾ? ಆದರೆ ಈ ಫೋಟೋದಲ್ಲಿರುವುದು ಮನೆಗೆಲಸದ ಹುಡುಗಿಯರಿಗೆಂದೇ ಮಾಡಿದ್ದು. ಅಗ್ಗದ್ದು. ತಿಮಿಂಗಿಲದ ಬಾಯಿಂದ ತೆಗೆದ ಪಟ್ಟಿಗಳ ಬದಲು ಬಟ್ಟೆಯ ಪದರಗಳ ನಡುವೆ ಹುರಿ ತೂರಿಸಿ ಗಟ್ಟಿ ಮಾಡಿದ್ದಾರೆ. ಇದನ್ನು ತೊಟ್ಟೇ ನೆಲ ಒರೆಸಬೇಕು, ಮೆಟ್ಟಿಲು ಹತ್ತಬೇಕು.

ಮುಂಭಾಗವನ್ನು ದೊಡ್ಡದು ಮಾಡಿ ನೋಡಿದೆ. ಎರಡು ಪಟ್ಟಿ. ಒಂದರಲ್ಲಿ ಗುಂಡಿ, ಇನ್ನೊಂದರಲ್ಲಿ ಕೊಂಡಿ. 1829ರ ಹೊತ್ತಿಗೆ ಫ್ರಾನ್ಸಿನಲ್ಲಿ ಬಂದ ಏರ್ಪಾಟು ಇದು. ಇದರಿಂದ ಹೆಂಗಸು ಯಾರನ್ನೂ ಕರೆಯದೆ ತಾನೇ ಹಾಕಿಕೊಳ್ಳಬಹುದಾಯಿತು. ಅದೇ ಸುಮಾರಿಗೆ ಲೋಹದ ಐಲೆಟ್ಟೂ, ಅಂದ್ರೆ ದಾರದ ತೂತಿಗೆ ಕೂರಿಸುವ ಬಳೆ, ಬಂತು. ಅದಕ್ಕೆ ಮೊದಲು ದಾರದ ತೂತಿನ ಸುತ್ತ ಕೈಹೊಲಿಗೆ ಹಾಕುತ್ತಿದ್ದರು. ಜೋರಾಗಿ ಎಳೆದರೆ ಕಿತ್ತು ಬರುತ್ತಿತ್ತು. ಲೋಹ ಬಂದ ಮೇಲೆ ಇನ್ನೂ ಬಿಗಿಯಬಹುದಾಯಿತು. ಯಾರ ಹಂಗೂ ಇಲ್ಲದೆ ತೊಡುವುದು, ತನ್ನನ್ನು ತಾನೇ ಇನ್ನಷ್ಟು ಬಿಗಿದುಕೊಳ್ಳುವುದು, ಎರಡೂ ಒಟ್ಟಿಗೇ ಬಂದವು. ಇದು ನನ್ನ ತಲೆಯಿಂದ ಹೋಗುತ್ತಿಲ್ಲ ಕಣೇ.

ಬೇಡ ಅಂದವರೂ ಇದ್ದರು. ಲಂಡನ್ನಿನಲ್ಲಿ 1881ರಲ್ಲೇ ರ‍್ಯಾಷನಲ್ ಡ್ರೆಸ್ ಸೊಸೈಟಿ, ಅಂದ್ರೆ ಮೈ ಬಿಗಿಯದ ಬಟ್ಟೆ ಬೇಕು ಅನ್ನೋರ ಸಂಘ, ಹುಟ್ಟಿತ್ತು. ಆಮೇಲೆ ಬ್ರಾ ಬಂತು, ಕಾರ್ಸೆಟ್ ಹಿಂದೆ ಸರಿಯಿತು. 1947ರಲ್ಲಿ ಪ್ಯಾರಿಸ್ಸಿನ ಫ್ಯಾಷನ್ ವಿನ್ಯಾಸಗಾರ ಡಿಯೋರ್ ಸಣ್ಣ ಸೊಂಟವನ್ನು ವಾಪಸ್ ತಂದ. 1987ರಲ್ಲಿ ಇಂಗ್ಲೆಂಡಿನ ವಿನ್ಯಾಸಗಾರ್ತಿ ವಿವಿಯನ್ ವೆಸ್ಟ್‌ವುಡ್ ಕಾರ್ಸೆಟ್ಟನ್ನು ಒಳಗಿಂದ ತೆಗೆದು ಮೇಲುಡುಪು ಮಾಡಿದಳು. ಈಗ ಅದನ್ನು ಧೈರ್ಯದ ಉಡುಪು ಅಂತಾರೆ. ಎಲ್ಲರಿಗೂ ಕಾಣುವ ಹಾಗೆ, ತನಗೆ ಬೇಕು ಅಂತ ತೊಟ್ಟರೆ ನನಗೂ ಅದು ಚಂದವೇ.

ನಮ್ಮ ಮದುವೆಮನೆಗಳಲ್ಲಿ ಮಾತ್ರ ಆ ಬಿಗಿ ಒಳಗೇ ಇದೆ. ಲಂಗದ ಬದಲು ಸೀರೆ ಶೇಪ್‌ವೇರ್. ಹೊಟ್ಟೆಯಿಂದ ಮೊಣಕಾಲಿನ ತನಕ ಹಿಡಿದಿಟ್ಟುಕೊಳ್ಳುತ್ತೆ. ಬಿಚ್ಚಿದಾಗ ಹೊಟ್ಟೆ ಮೇಲೆ ಕೆಂಪು ಗೆರೆ. ಆದರೂ ನನಗೆ ಅದು ಬೇಕು. ಅದಿಲ್ಲದೆ ಫೋಟೋಗೆ ನಿಲ್ಲೋಕೆ ಹೆದರಿಕೆ. ಹೆರಿಗೆಯಾದ ಮೇಲೆ ನನ್ನ ಹೊಟ್ಟೆಯನ್ನು ಕನ್ನಡಿಯಲ್ಲಿ ಸರಿಯಾಗಿ ನೋಡಿಕೊಂಡೇ ಇಲ್ಲ ಸುಮಾ. ನಮ್ಮನೆಯವರಿಗೂ ಹೇಳಿಲ್ಲ ಇದನ್ನು.

ಮೊನ್ನೆ ನಾದಿನಿಯ ಮದುವೆಯಲ್ಲಿ ಫೋಟೋದವನು 'ರೆಡಿ' ಅಂದ. ಪಕ್ಕದಲ್ಲಿದ್ದ ಮಗಳು ಸರಕ್ಕನೆ ಹೊಟ್ಟೆ ಒಳಗೆಳೆದು ಉಸಿರು ಹಿಡಿದಳು. ಹನ್ನೊಂದು ವರ್ಷದವಳು. ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ನನ್ನನ್ನು ನೋಡುತ್ತಾ ಬೆಳೆದಿದ್ದಾಳೆ, ಅಷ್ಟೇ. ಅವತ್ತಿನಿಂದ ನನಗೆ ಸಮಾಧಾನವಿಲ್ಲ.

ಅದೇ ಸೈಮಿಂಗ್ಟನ್‌ನವರು 1908ರಲ್ಲಿ ಲಿಬರ್ಟಿ ಬಾಡಿಸ್ ಅಂತ ತಂದರಲ್ಲ, ಗಟ್ಟಿ ಪಟ್ಟಿಗಿಟ್ಟಿ ಇಲ್ಲದ, ಮೆತ್ತನೆ ಹೆಣೆದ ಬಟ್ಟೆಯದ್ದು? ಮಕ್ಕಳೂ ತೊಡುತ್ತಿದ್ದದ್ದು. ಅಲ್ಲಿ ಅದೂ ಇದ್ದರೆ ಫೋಟೋ ಕಳಿಸು. ಮಗಳಿಗೆ ತೋರಿಸಿ ಮಾತು ಶುರು ಮಾಡಬೇಕು.

ಸಾಕು, ಬರೆಯಬೇಕು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಬರೆದೆ. ಡಿಸೆಂಬರಿನಲ್ಲಿ ಬರ್ತೀಯಲ್ಲ? ಅಮ್ಮನ ಕೈಲಿ ಹೋಳಿಗೆ ಮಾಡಿಸ್ತೀನಿ. 

ನಿನ್ನ,
ಶೈಲಿ