ಕಿತ್ತೂರಿನ ಕೋವಿಗೆ ಕಿತ್ತಳೆ ಬಣ್ಣವೇಕೆ?

ಸದಸ್ಯ ಬಂಧುಗಳೇ,

ಈ ಸಂಚಿಕೆ ಗುರುವಾರವೇ ನಿಮ್ಮ ಕೈಸೇರಬೇಕಿತ್ತು. ತಡವಾದದ್ದಕ್ಕೆ ಕ್ಷಮಿಸಿ. ಬರೆಯಬೇಕೆಂದುಕೊಂಡಿದ್ದನ್ನು ಬದಿಗಿಟ್ಟು ಈ ವಿಷಯವನ್ನು ಎತ್ತಿಕೊಳ್ಳುವಂತೆ ಮಾಡಿದ್ದು, ಕಳೆದ ಶನಿವಾರದ ತಾಲೀಮಿನಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ. ಇಲ್ಲಿ ಬ್ರಿಟನ್ನಿನಲ್ಲಿ ನಾವು ಆಡುವ ರಾಜ್ಯೋತ್ಸವದ ನಾಟಕದಲ್ಲಿ ಆಕೆ ಕಿತ್ತೂರು ಚೆನ್ನಮ್ಮನ ಬಂಟ ಅಮಟೂರು ಬಾಳಪ್ಪನ ಪಾತ್ರ ಮಾಡುತ್ತಿದ್ದಾಳೆ. ಕೈಗೆ ಕೊಟ್ಟ ಮರದ ಕೋವಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಆಂಟಿ, ಕಿತ್ತೂರಲ್ಲಿ ಕೋವಿ ಕಿತ್ತಳೆ ಬಣ್ಣದ್ದಿತ್ತಾ?" ಎಂದಳು.

ಇದರ ಹಿಂದಿನ ಸಂಗತಿ ಎಲ್ಲರಿಗೂ ತಿಳಿದಿರಲಿಕ್ಕಿಲ್ಲ. ಮೂರು ವಾರಗಳ ಹಿಂದೆ ಆರು ಮರದ ಕೋವಿಗಳನ್ನು ನನ್ನ ಕಾರಿನಿಂದ ಇಳಿಸಿ, ಹಾಗೆಯೇ ಹೆಗಲ ಮೇಲಿಟ್ಟುಕೊಂಡು ಸಭಾಂಗಣದೊಳಕ್ಕೆ ಒಯ್ದೆವು. ಕತ್ತಲಾಗುತ್ತಿದ್ದ ಹೊತ್ತು. ರಸ್ತೆಯಾಚೆಯ ಮನೆಯವರು ಯಾರೋ ಗಾಬರಿಗೊಂಡು ಪೊಲೀಸರಿಗೆ ಫೋನು ಮಾಡಿದರು. ಬಂದ ಇಬ್ಬರು ಪೊಲೀಸರು ಮರವನ್ನು ಬೆರಳಿನಿಂದ ತಟ್ಟಿ ನೋಡಿ, ನಾಟಕದ ವಿಷಯ ಕೇಳಿ, ಇನ್ನು ಮುಂದೆ ಮುಚ್ಚಿಕೊಂಡು ತನ್ನಿ ಎಂದು ಸೌಮ್ಯವಾಗಿಯೇ ಹೇಳಿ ಹೋದರು. ಆದರೂ ಮಕ್ಕಳ ಮುಖ ಬಾಡಿತ್ತು. ತಪ್ಪು ನಮ್ಮದು, ಎಲ್ಲರಿಗಿಂತ ಹೆಚ್ಚಾಗಿ ನನ್ನದು; ಹೊದಿಸಲು ಡಿಕ್ಕಿಯಲ್ಲೇ ಜಮಖಾನೆ ಇತ್ತು. ಮರುದಿನ ಸ್ವಯಂಸೇವಕರೊಬ್ಬರು ಒಳ್ಳೆಯ ಮನಸ್ಸಿನಿಂದ ಎರಡು ಕೋವಿಗಳಿಗೆ ಕಿತ್ತಳೆ ಬಣ್ಣ ಬಳಿದರು. ಸಮಿತಿಯ ಸಭೆಯಲ್ಲಿ, ಕೋವಿಯ ದೃಶ್ಯವನ್ನೇ ಕೈಬಿಡೋಣ ಎಂಬ ಮಾತೂ ಬಂತು. 1824ರ ಅಕ್ಟೋಬರ್ 23ರಂದು ಈಸ್ಟ್ ಇಂಡಿಯಾ ಕಂಪನಿಯ ಕಲೆಕ್ಟರ್ ಥ್ಯಾಕರೆ ಕಿತ್ತೂರಿನಲ್ಲಿ ಗುಂಡೇಟಿಗೆ ಸತ್ತದ್ದನ್ನು, ಆ ಗುಂಡು ಬಾಳಪ್ಪನದೆಂದು ನಮ್ಮ ಹಿರಿಯರು ಹೇಳಿಕೊಂಡು ಬಂದದ್ದನ್ನು ಬಿಟ್ಟು ಆ ನಾಟಕವನ್ನು ಆಡುವುದು ನನಗೆ ಒಪ್ಪಿಗೆಯಾಗಲಿಲ್ಲ. ಹಾಗಾಗಿ ಈ ದೇಶದ ಕಾನೂನನ್ನೇ ಓದೋಣವೆಂದು ಕುಳಿತೆ.

ಬ್ರಿಟನ್ನಿನ 1968ರ ಬಂದೂಕು ಕಾಯ್ದೆಯ ಕಣ್ಣಿನಲ್ಲಿ, ಗುಂಡು ಹಾರಿಸಲಿ ಬಿಡಲಿ, ನೋಟಕ್ಕೆ ಬಂದೂಕಿನಂತೆ ಕಾಣುವ ಯಾವ ವಸ್ತುವೂ ಅನುಕರಣೆಯ ಬಂದೂಕೇ. ಜಾಕೆಟ್ಟಿನೊಳಗೆ ಬೆರಳು ಚಾಚಿ ಪಿಸ್ತೂಲೆಂದು ಬೆದರಿಸಿ ದರೋಡೆ ಮಾಡಿದವನೊಬ್ಬನ ಮೊಕದ್ದಮೆಯಲ್ಲಿ 2005ರಲ್ಲಿ, ಆಗ ದೇಶದ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್, ತನ್ನ ಮೈಯ ಭಾಗವೇ ಆದ ಬೆರಳನ್ನು ಯಾರೂ ಒಂದು ವಸ್ತುವಿನಂತೆ ಇಟ್ಟುಕೊಂಡಿರಲು ಸಾಧ್ಯವಿಲ್ಲವೆಂದು ತೀರ್ಪಿತ್ತಿತು. ಬೆರಳಿಗೆ ಸಿಕ್ಕ ಆ ವಿನಾಯಿತಿ ಮರಕ್ಕಾಗಲಿ, ಪ್ಲಾಸ್ಟಿಕ್ಕಿಗಾಗಲಿ ಇಲ್ಲ. ಇಂಥ ವಸ್ತುವನ್ನು ಮನೆಯಲ್ಲಿ ಸುಮ್ಮನೆ ಇಟ್ಟುಕೊಂಡರೆ ಅಪರಾಧವಾಗುವುದಿಲ್ಲ. ಸರಿಯಾದ ಕಾರಣವಿಲ್ಲದೆ ಸಾರ್ವಜನಿಕ ಸ್ಥಳಕ್ಕೆ ತಂದರೆ ಹನ್ನೆರಡು ತಿಂಗಳವರೆಗೆ ಸೆರೆವಾಸ ಆಗಬಹುದು. ಯಾರನ್ನಾದರೂ ಹೆದರಿಸುವ ಉದ್ದೇಶದಿಂದ ಹಿಡಿದಿದ್ದರೆ ಹತ್ತು ವರ್ಷದವರೆಗೂ. ಹದಿನೆಂಟು ತುಂಬದವರಿಗೆ ಇದನ್ನು ಮಾರುವಂತಿಲ್ಲ, ಅವರು ಕೊಳ್ಳುವಂತೆಯೂ ಇಲ್ಲ.

ಬಣ್ಣದ ಮಾತು ಬರುವುದು 2006ರ ಹಿಂಸಾಪರಾಧ ತಡೆ ಕಾಯ್ದೆಯಲ್ಲಿ. ನಿಜವಾದ ಆಧುನಿಕ ಬಂದೂಕಿನಿಂದ ಬೇರ್ಪಡಿಸಿ ಗುರುತಿಸಲಾಗದಷ್ಟು ನೈಜವಾದ ಪ್ರತಿಕೃತಿಗಳನ್ನು ತಯಾರಿಸುವುದು, ಮಾರುವುದು, ಹೊರದೇಶದಿಂದ ತರಿಸುವುದು 2007ರ ಅಕ್ಟೋಬರ್ 1ರಿಂದ ಅಪರಾಧ. ಎತ್ತರ 38 ಮಿಲಿಮೀಟರಿಗೂ ಉದ್ದ 70 ಮಿಲಿಮೀಟರಿಗೂ ಕಡಿಮೆಯಿರುವ ಪುಟಾಣಿಗಳು ಇದರಲ್ಲಿ ಸೇರುವುದಿಲ್ಲ. ಗಾಢವಾದ ಕೆಂಪು, ಕಿತ್ತಳೆ, ಹಳದಿ, ಹಸಿರು, ಗುಲಾಬಿ, ನೇರಳೆ, ನೀಲಿ ಬಣ್ಣದವೂ ಪಾರದರ್ಶಕವಾದವೂ ಸೇರುವುದಿಲ್ಲ. ನಮ್ಮ ಸ್ವಯಂಸೇವಕರ ಮನಸ್ಸಿನಲ್ಲಿದ್ದದ್ದು ಇದೇ. ನಾಟಕ ಮತ್ತು ಅದರ ತಾಲೀಮು, ಚಲನಚಿತ್ರ, ಟೆಲಿವಿಷನ್, ವಸ್ತುಸಂಗ್ರಹಾಲಯ, ಐತಿಹಾಸಿಕ ಯುದ್ಧಗಳ ಮರುಪ್ರದರ್ಶನ, ಇವುಗಳಿಗಾಗಿ ಬೇಕಾದಾಗ ನೈಜ ಪ್ರತಿಕೃತಿಗೂ ಅವಕಾಶವಿದೆ. ಇದಕ್ಕಿಂತ ಮುಖ್ಯವಾದದ್ದು ಕಾಯ್ದೆಯಲ್ಲಿರುವ 'ಆಧುನಿಕ' ಎಂಬ ಮಾತು. ವಿನ್ಯಾಸವೂ ಯಂತ್ರಭಾಗವೂ 1870ಕ್ಕಿಂತ ಹಿಂದಿನವೆಂದು ನೋಟದಲ್ಲೇ ಗುರುತಿಸಬಹುದಾದ ಬಂದೂಕು ಆಧುನಿಕವಲ್ಲ. ಬಾಳಪ್ಪನ ಕಾಲದ್ದು ನಳಿಗೆಯ ಬಾಯಿಂದ ಮದ್ದು ತುಂಬಿ, ಚಕಮಕಿ ಕಲ್ಲಿನ ಕಿಡಿಯಿಂದ ಹಾರಿಸುವ ಕೋವಿ. ಅದರ ಪ್ರತಿಕೃತಿಗೆ ಕಿತ್ತಳೆ ಬಣ್ಣ ಬೇಕಿಲ್ಲ. ಆದರೆ ಸಾರ್ವಜನಿಕ ಸ್ಥಳದ ನಿಯಮ ಅದಕ್ಕೂ ಅನ್ವಯಿಸುತ್ತದೆ. ನಾವು ಎಡವಿದ್ದು ಬಣ್ಣದಲ್ಲಲ್ಲ, ಸಭಾಂಗಣದ ಹೊರಗೆ.

ಇದನ್ನು ಓದುವಾಗ ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜನ ಮನೆ ಬಿಡದೆ ಕಣ್ಣಮುಂದೆ ಬಂತು. ಬೆಳೆ ರಕ್ಷಣೆಯ ಲೈಸೆನ್ಸಿನ ಒಂಟಿ ನಳಿಗೆಯ ಕೋವಿಯೊಂದು ನಡುಮನೆಯ ಗೂಟದಲ್ಲಿ ತೂಗುತ್ತಿತ್ತು. ಗದ್ದೆಗೆ ಹಂದಿ ನುಗ್ಗಿದ ರಾತ್ರಿ ಬಿಟ್ಟರೆ ಅದು ಕೆಳಗಿಳಿಯುತ್ತಿದ್ದದ್ದು ಆಯುಧಪೂಜೆಯ ದಿನ. ಅಜ್ಜ ಅದಕ್ಕೆ ಕೊಬ್ಬರಿ ಎಣ್ಣೆ ಸವರಿ, ಹಳೆಯ ಪಂಚೆಯ ತುಂಡಿನಲ್ಲಿ ಒರೆಸಿ, ಕತ್ತಿ, ಹಾರೆ, ಗುದ್ದಲಿಗಳ ಪಕ್ಕದಲ್ಲಿ ಮಣೆಯ ಮೇಲೆ ಮಲಗಿಸುತ್ತಿದ್ದರು. ಮುಟ್ಟುತ್ತೇನೆಂದು ನಾನು ಹಟ ಹಿಡಿದ ವರ್ಷ, ಗದರಿಸದೆ, ಹಿತ್ತಿಲಿಗೆ ಕರೆದೊಯ್ದು ಒಂದು ಗೇಣುದ್ದದ ಬಿದಿರು ಕಡಿದು ಪೆಟ್ಲು ಮಾಡಿಕೊಟ್ಟರು. ಬಿದಿರಿನ ಒಂದು ತುದಿಗೆ ಹಸಿರು ಕಾಯಿಯೊಂದನ್ನು ಬಿಗಿಯಾಗಿ ತುರುಕಬೇಕು, ಹಿಂದಿನಿಂದ ಇನ್ನೊಂದು ಕಾಯಿಯನ್ನು ಕಡ್ಡಿಯಿಂದ ಒಮ್ಮೆಲೇ ನೂಕಬೇಕು. ಎರಡರ ನಡುವೆ ಸಿಕ್ಕಿಕೊಂಡ ಗಾಳಿ ಒತ್ತಿಕೊಂಡು ಮುಂದಿನ ಕಾಯಿ 'ಟಪ್' ಎಂದು ಹಾರುತ್ತದೆ, ಕಾಯಿಯ ಒಗರು ವಾಸನೆ ಮೂಗಿಗೆ ಬಡಿಯುತ್ತದೆ. ಆ ಪೆಟ್ಲನ್ನೂ ಕೋವಿಯ ಪಕ್ಕದಲ್ಲಿಟ್ಟು ಕುಂಕುಮ ಹಚ್ಚಿದರು. ಮೊದಲ ಕಾಯಿಯನ್ನೇ ನಾನು ತಮ್ಮನ ಕಡೆಗೆ ಹಾರಿಸಿದಾಗ ಮಾತ್ರ ಕಿತ್ತುಕೊಂಡು, "ಬಿದಿರಿಂದಾದ್ರೂ ಸೈ, ಮನುಷ್ಯರ ಕಡೆ ಬಾಯಿ ತಿರುಗಿಸ್ಬಾರ್ದು ಮಗಾ" ಎಂದು ಸಂಜೆಯವರೆಗೆ ಅಟ್ಟದ ಮೇಲಿಟ್ಟರು. ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸಬೇಕಿತ್ತು. ಅಜ್ಜ ಅದನ್ನು ಕಂಬಳಿಯಲ್ಲಿ ಸುತ್ತಿ, ಹಗ್ಗ ಕಟ್ಟಿ, ಬಸ್ಸಿನಲ್ಲಿ ಒಯ್ಯುತ್ತಿದ್ದರು. ಲೈಸೆನ್ಸು ಜೇಬಿನಲ್ಲೇ ಇರುತ್ತಿತ್ತು. ಆದರೂ ದಾರಿಯಲ್ಲಿ ಯಾರೂ ನೋಡಿ ಬೆದರಬಾರದು ಎನ್ನುತ್ತಿದ್ದರು.

ಈ ದೇಶದಲ್ಲಿ ಅಂಥ ಗಾಬರಿಯಿಂದ ಪ್ರಾಣವೂ ಹೋಗಿದೆ. 1999ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಹ್ಯಾಕ್ನಿಯಲ್ಲಿ ಹ್ಯಾರಿ ಸ್ಟ್ಯಾನ್ಲಿ ಎಂಬವರು ದುರಸ್ತಿ ಮಾಡಿಸಿದ ಮೇಜಿನ ಕಾಲೊಂದನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಹೋಗುತ್ತಿದ್ದಾಗ, ಅದನ್ನು ಬಂದೂಕೆಂದು ಯಾರೋ ಫೋನು ಮಾಡಿ, ಪೊಲೀಸರ ಗುಂಡಿಗೆ ಅವರು ಬಲಿಯಾದರು. ನಮ್ಮ ಮರದ ಕೋವಿ ಮೇಜಿನ ಕಾಲಿಗಿಂತ ಎಷ್ಟೋ ಪಾಲು ಹೆಚ್ಚು ಬಂದೂಕಿನಂತಿದೆ ಎಂಬುದನ್ನು ನೆನೆದು ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ನಮ್ಮ ಕೆಲವು ಮಕ್ಕಳು, ಆಟದ ಬಂದೂಕಿನಿಂದ ಒಬ್ಬರ ಮೇಲೊಬ್ಬರು ಗುಂಡು ಹಾರಿಸುವ ಏರ್‌ಸಾಫ್ಟ್ ಆಡುತ್ತಾರೆ. ಅಲ್ಲಿಯೂ ಒತ್ತಿದ ಗಾಳಿಯೇ ಆರು ಮಿಲಿಮೀಟರಿನ ಪ್ಲಾಸ್ಟಿಕ್ ಗುಂಡನ್ನು ಹಾರಿಸುತ್ತದೆ, ಪೆಟ್ಲಿನ ಹಾಗೆಯೇ. ಒಂದೊಂದೇ ಗುಂಡು ಹಾರಿಸುವುದರ ಶಕ್ತಿ 2.5 ಜೂಲ್, ಒಂದೇ ಸಮನೆ ಹಾರಿಸುವುದರದ್ದು 1.3 ಜೂಲ್ ಮೀರಬಾರದು. ನೈಜ ಬಣ್ಣದ್ದನ್ನು ಕೊಳ್ಳಬೇಕಾದರೆ, ವಿಮೆಯಿರುವ ಮೈದಾನದಲ್ಲಿ ಆಡುವವರೆಂದು ಅಂಗಡಿಯವರಿಗೆ ಖಾತ್ರಿಯಾಗಬೇಕು. ಹೊಸಬರು ಗಾಢ ಬಣ್ಣ ಬಳಿದ, ಎರಡು ಬಣ್ಣದ್ದನ್ನೇ ಕೊಳ್ಳುತ್ತಾರೆ. ಇನ್ನು ಇಂಗ್ಲಿಷ್ ಅಂತರ್ಯುದ್ಧವನ್ನು ಬಯಲಿನಲ್ಲಿ ಮತ್ತೆ ಆಡಿ ತೋರಿಸುವ ಸೀಲ್ಡ್ ನಾಟ್ ಸಂಘದಂಥವರು ಮದ್ದು ತುಂಬಿ ಹಾರಿಸುವ ಕೋವಿ ಪ್ರತಿಕೃತಿಯಾಗಿ ಉಳಿಯುವುದಿಲ್ಲ. ಅದು ಬಂದೂಕೇ, ಅದಕ್ಕೆ ಷಾಟ್‌ಗನ್ ಪ್ರಮಾಣಪತ್ರವೂ ಕರಿಮದ್ದಿಗೆ ಬೇರೆ ಪರವಾನಗಿಯೂ ಬೇಕು. ಸದ್ದಿಗಾಗಿ ಹೊಗೆಬರುವ ಕೋವಿ ತರೋಣವೆಂದ ನಿರ್ದೇಶಕರು ಇದನ್ನು ದಯವಿಟ್ಟು ಗಮನಿಸಬೇಕು. ಸದ್ದನ್ನು ನಗಾರಿಯಿಂದ ಮಾಡೋಣ.

ಬೆಂಗಳೂರಿಗೆ ಹೋಗುವವರಲ್ಲಿ ಒಂದು ಮಾತು. ದೀಪಾವಳಿಯ ರೀಲು ಪಿಸ್ತೂಲನ್ನು ಮಕ್ಕಳಿಗಾಗಿ ತರುವ ಆಸೆ ನನಗೂ ಆಗುತ್ತದೆ. ಕಪ್ಪಾಗಿ, ಲೋಹದ್ದಾಗಿ, ನಿಜವಾದದ್ದರಂತೆ ಕಾಣುವುದನ್ನು ತರಬೇಡಿ. ವಿಮಾನದ ಕೈಚೀಲದಲ್ಲಂತೂ ಯಾವ ಪಿಸ್ತೂಲೂ ಬೇಡ. ಶಾಲೆಯ ಚೀಲದೊಳಗೂ ಅದು ಸೇರದಂತೆ ನೋಡಿಕೊಳ್ಳಿ.

ಜಾಗ ಮುಗಿಯುತ್ತಿದೆ, ಸೂಚನೆಗಳು ಚುಟುಕಾಗಿ: ರಾಜ್ಯೋತ್ಸವ ನವೆಂಬರಿನ ಮೊದಲ ಶನಿವಾರ, ಮಧ್ಯಾಹ್ನ ಮೂರಕ್ಕೆ, ಊಟದ ಚೀಟಿ ಹಿಂದಿನ ಭಾನುವಾರದೊಳಗೆ ಪಡೆಯಿರಿ. ಕೊನೆಯ ಎರಡು ತಾಲೀಮುಗಳು ಬುಧವಾರ ಮತ್ತು ಶುಕ್ರವಾರ ಸಂಜೆ ಆರಕ್ಕೆ. ಕೋವಿಗಳು ಜಿಪ್ಪು ಹಾಕಿದ ಕ್ರಿಕೆಟ್ ಚೀಲದಲ್ಲಿ, ದೊಡ್ಡವರ ಕೈಯಲ್ಲಿ, ಕಾರಿನಿಂದ ನೇರವಾಗಿ ವೇದಿಕೆಯ ಹಿಂದಕ್ಕೆ ಹೋಗುತ್ತವೆ. ಪಾತ್ರಧಾರಿಗಳು ಅವನ್ನು ಹಿಡಿದು ಹೊರಗೆ ಫೋಟೋ ತೆಗೆಸಿಕೊಳ್ಳುವಂತಿಲ್ಲ. ನಾಟಕದ ಬಗ್ಗೆ ಸಭಾಂಗಣದವರಿಗೂ ಪೊಲೀಸರಿಗೂ ಮೊದಲೇ ಪತ್ರ ಬರೆಯುವ ಕೆಲಸ ನನ್ನದು.

ಹನ್ನೊಂದು ವರ್ಷ ನಮ್ಮ ರಂಗಸಾಮಗ್ರಿಯನ್ನು ತಮ್ಮ ಗ್ಯಾರೇಜಿನಲ್ಲಿಟ್ಟು ಕಾಪಾಡಿದ ದಂಪತಿಗಳು ಡಿಸೆಂಬರಿನಲ್ಲಿ ಮೈಸೂರಿಗೆ ಮರಳುತ್ತಿದ್ದಾರೆ. ಅವರ ಬೀಗಬಿದ್ದ ಗ್ಯಾರೇಜಿನಿಂದಾಗಿಯೇ ಇಷ್ಟು ವರ್ಷ ಒಂದು ಕೋವಿಯೂ ದಾರಿ ತಪ್ಪಲಿಲ್ಲ. ಆರು ಕೋವಿ, ನಾಲ್ಕು ಕತ್ತಿ, ಒಂದು ಟ್ರಂಕು, ಇಷ್ಟಕ್ಕೆ ಬೀಗ ಹಾಕುವ ಜಾಗ ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ. ನಾನೊಬ್ಬಳೇ ಈ ಪತ್ರಿಕೆ, ತಾಲೀಮು, ಸಾಮಗ್ರಿ ಮೂರನ್ನೂ ನೋಡಿಕೊಳ್ಳಲಾರೆ.

ಭಾನುವಾರ ಬೆಳಗ್ಗೆ ಹತ್ತಕ್ಕೆ ಆ ಎರಡು ಕೋವಿಗಳ ಕಿತ್ತಳೆ ಬಣ್ಣ ಕೆರೆದು ಮತ್ತೆ ಮರದ ಬಣ್ಣ ಬಳಿಯುತ್ತೇವೆ. ಬಾಳಪ್ಪನೂ ಬರುತ್ತೇನೆಂದಿದ್ದಾಳೆ. ಉಪ್ಪುಕಾಗದವಿದ್ದವರು ತನ್ನಿ.