ಮಟ್ಟಿಯ ಪಕ್ಕ ಒಂದು ಚಾಪೆಯಷ್ಟು ಜಾಗ ಕೊಡಿ

ಮಾನ್ಯ ಸಂಪಾದಕರೇ,

ದಸರಾ ಬಂತೆಂದರೆ ನಿಮ್ಮ ಪತ್ರಿಕೆಯಲ್ಲಿ ಕುಸ್ತಿಯ ಫೋಟೊ ಬರುತ್ತದೆ. ಚಿತ್ರಕಲಾ ಪ್ರದರ್ಶನದ ಸುದ್ದಿಯೂ ಬರುತ್ತದೆ, ಇನ್ನೊಂದು ಪುಟದಲ್ಲಿ. ಈ ಎರಡನ್ನೂ ಒಂದೇ ಕಡೆ ಕೂರಿಸಿ, ಅಂದರೆ ಕುಸ್ತಿ ಆಡುವ ಮಣ್ಣಿನ ಅಂಕಣದ, ಮಟ್ಟಿಯ, ಪಕ್ಕದಲ್ಲೇ ಚಿತ್ರ ಬರೆಯುವವರಿಗೂ ಜಾಗ ಕೊಡಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಮೈಸೂರು, ಮಂಡ್ಯದಲ್ಲಿ ಚಿತ್ರ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಕುಣಿಯುವ, ಎತ್ತುವ, ಬೀಳುವ ದೇಹವನ್ನು ಕಣ್ಣೆದುರು ನೋಡುತ್ತಾ ಬರೆಯಲು ಮಾತ್ರ ಅವರಿಗೆ ಜಾಗ ಇಲ್ಲ.

ನಾನು ಮಂಡ್ಯದವನು. ಬೋರ್ಡ್ ಬರೆಯುವುದು ನನ್ನ ಕಸುಬು. ಟಾಕೀಸಿನ ಬ್ಯಾನರುಗಳನ್ನೂ ಬರೆದಿದ್ದೇನೆ. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ನಿಂತುಹೋಯಿತು. ಈಗ ಶಾಲೆಯ ಗೋಡೆ, ದೇವಸ್ಥಾನದ ಗೋಡೆ, ಅಂಗಡಿಯ ಶಟರ್. ಬ್ಯಾನರ್ ಕಾಲದಲ್ಲಿ ಫೋಟೊ ಮೇಲೆ ಸಣ್ಣ ಚೌಕ, ಬಟ್ಟೆಯ ಮೇಲೆ ದೊಡ್ಡ ಚೌಕ ಹಾಕಿಕೊಂಡು ಒಂದೊಂದೇ ಚೌಕ ತುಂಬುತ್ತಾ ಹೋಗುತ್ತಿದ್ದೆವು. ಒಳ್ಳೆಯ ವಿದ್ಯೆ ಅದು. ಮುಖದ ಹೋಲಿಕೆ ತಪ್ಪುವುದಿಲ್ಲ. ಆದರೆ ಚೌಕ ಎಣಿಸಿಕೊಂಡು ಬರೆದ ಮನುಷ್ಯ ಓಡುವುದಿಲ್ಲ.

ಓಡುವ ಮನುಷ್ಯನನ್ನು ಬರೆಯಬೇಕೆಂದೇ ಭಾನುವಾರ ಬೆಳಿಗ್ಗೆ ರೈಲು ಹತ್ತಿ ಮೈಸೂರಿಗೆ ಬರುತ್ತೇನೆ. ಅಲ್ಲಿ ನಾವು ಕೆಲವರು ಸೇರುತ್ತೇವೆ. ಹೈಸ್ಕೂಲಿನ ಡ್ರಾಯಿಂಗ್ ಮೇಡಂ ಒಬ್ಬರಿದ್ದಾರೆ. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು, ಅನಿಮೇಷನ್ ಕಲಿಯುತ್ತಿರುವ ಹುಡುಗರು, ಗಣೇಶನ ಮೂರ್ತಿ ಮಾಡುವ ಮನೆಯ ಹುಡುಗಿ ಎಲ್ಲ ಇದ್ದಾರೆ. ಒಬ್ಬರು ನಡುವೆ ನಿಲ್ಲುತ್ತಾರೆ, ಉಳಿದವರು ಸುತ್ತ ಕೂತು ಬರೆಯುತ್ತೇವೆ. ಮೊಬೈಲಿನಲ್ಲಿ ಟೈಮರ್ ಇಡುತ್ತೇವೆ. ಮೊದಲು 30 ಸೆಕೆಂಡಿನ ಭಂಗಿಗಳು, ಆಮೇಲೆ 1 ನಿಮಿಷ, 2 ನಿಮಿಷ. ಕೊನೆಗೆ ಒಂದೆರಡು 5 ನಿಮಿಷದ್ದು. ದುಬಾರಿ ಕಾಗದ ಬೇಡ, ನ್ಯೂಸ್‌ಪ್ರಿಂಟ್ ಸಾಕು. ಇದ್ದಿಲ ಕಡ್ಡಿ ಅಥವಾ 6ಬಿ ಪೆನ್ಸಿಲ್. ರಬ್ಬರ್ ಮುಟ್ಟುವ ಹಾಗಿಲ್ಲ.

30 ಸೆಕೆಂಡಿನಲ್ಲಿ ಕಣ್ಣು, ಮೂಗು, ಬೆರಳು ಬರೆಯಲು ಆಗುವುದಿಲ್ಲ. ಅದಕ್ಕೇ ಅಷ್ಟು ಕಡಿಮೆ ಸಮಯ. ತಲೆಯಿಂದ ಬೆನ್ನುಹುರಿಯ ಗುಂಟ ಇಳಿದು, ಭಾರ ಹೊತ್ತ ಹಿಮ್ಮಡಿಯವರೆಗೆ ಒಂದೇ ಗೆರೆ ಎಳೆಯಬೇಕು. ಮಣಿಕಟ್ಟು ಆಡಿಸಿದರೆ ಸಾಲದು, ಭುಜದಿಂದ ಕೈ ಬೀಸಬೇಕು. ಆ ಗೆರೆ ಸಿಕ್ಕಿದರೆ ಹೆಗಲು ಯಾವ ಕಡೆ ವಾಲಿದೆ, ಸೊಂಟ ಯಾವ ಕಡೆ ಎದ್ದಿದೆ ಎಂದು ನೋಡಬೇಕು. ಒಂಟಿ ಕಾಲಿನ ಮೇಲೆ ಸುಮ್ನೆ ನಿಂತವರ ಗಂಟಲ ಗುಳಿಯಿಂದ ನೇರ ದಾರ ಇಳಿಬಿಟ್ಟರೆ ಅದು ಹೆಚ್ಚುಕಡಿಮೆ ಆ ಕಾಲಿನ ಹರಡಿನ ಹತ್ತಿರವೇ ಬರುತ್ತದೆ. ಓಡುವವರಲ್ಲಿ, ಎಸೆಯುವವರಲ್ಲಿ ಪಾದದಿಂದ ಆಚೆ ಹೋಗುತ್ತದೆ. ಅಂದರೆ ಮುಂದಿನ ಹೆಜ್ಜೆ ಇಡದಿದ್ದರೆ ಬಿದ್ದೇ ಬೀಳುತ್ತಾರೆ. ಆ ಬೀಳುವ ಗಳಿಗೆ ಕಾಗದಕ್ಕೆ ಬಂದರೆ ಚಿತ್ರ ಓಡುತ್ತದೆ. ನ್ಯೂಯಾರ್ಕಿನಲ್ಲಿ ಪಾಠ ಹೇಳುತ್ತಿದ್ದ ಕಿಮೊನ್ ನಿಕೊಲಾಯ್ಡಿಸ್ ಎಂಬ ಗುರು, ದೇಹ ಹೇಗೆ ಕಾಣುತ್ತದೆ ಎನ್ನುವುದಕ್ಕಿಂತ ಏನು ಮಾಡುತ್ತಿದೆ ಎನ್ನುವುದನ್ನು ಮೊದಲು ಬರೆಯಿರಿ ಎನ್ನುತ್ತಿದ್ದರು. ಫ್ರಾನ್ಸಿನ ಶಿಲ್ಪಿ ರೊದಾಂ ವಯಸ್ಸಾದ ಮೇಲೆ ಮಾಡೆಲ್‌ಗಳನ್ನು ಕೋಣೆಯಲ್ಲಿ ಓಡಾಡಲು ಬಿಟ್ಟು, ಕಾಗದದ ಕಡೆ ನೋಡದೆ ಗೆರೆ ಎಳೆಯುತ್ತಿದ್ದರು.

ನಮ್ಮವರೇ ಆದ ಚಿತ್ರ ಕಲಾವಿದ ಕೆ.ಕೆ. ಹೆಬ್ಬಾರರು ಇನ್ನೂ ಮುಂದೆ ಹೋದರು. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದವರು. ಲಯ ಮೈಗೆ ಹತ್ತಬೇಕೆಂದು ಸ್ವತಃ ಕಥಕ್ ಕಲಿತರು. ಕುಣಿಯುವವರನ್ನು ಅವರು ನಾಲ್ಕಾರು ಗೆರೆಯಲ್ಲಿ ಹಿಡಿದಿರುವುದನ್ನು ನೋಡಿದರೆ ಆ ಕಲಿಕೆಯೆಲ್ಲ ಅಲ್ಲೇ ಕಾಣುತ್ತದೆ.

ಒಂದು ಭಾನುವಾರ ಚಾಮರಾಜನಗರ ಕಡೆಯ ಕಂಸಾಳೆ ಕಲಾವಿದರೊಬ್ಬರನ್ನು ಕರೆಸಿದ್ದೆವು. ಎಡಗೈಯಲ್ಲಿ ಬಟ್ಟಲಿನಂಥ ತಾಳ, ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ. ಬೀಸು ಕಂಸಾಳೆಯಲ್ಲಿ ಆ ಚಪ್ಪಟೆ ತಾಳ ತಲೆಯ ಮೇಲೆ, ಬೆನ್ನ ಹಿಂದೆ, ಮಂಡಿಯ ಕೆಳಗೆ ಸುತ್ತಿ ಬಂದು ಸರಿಯಾಗಿ ಬಟ್ಟಲಿಗೆ ಬಡಿಯಬೇಕು. ಅವರು ಮಂಡಿ ಮಡಚಿ ಹಿಂದಕ್ಕೆ ಬಾಗಿದರು. "ಅಣ್ಣ, ಹಾಗೇ ಇರಿ" ಎಂದು ನಮ್ಮ ಹುಡುಗಿ ಕೂಗಿದಳು. ಅವರು ನಿಂತರು. ದಾರ ಮಾತ್ರ ಇನ್ನೂ ಆಡುತ್ತಿತ್ತು. ಬಲತೊಡೆ ಸಣ್ಣಗೆ ನಡುಗುತ್ತಿತ್ತು. ಎಡಪಾದದ ಹೆಬ್ಬೆರಳು ನೆಲವನ್ನು ಒತ್ತಿ ಹಿಡಿದು ಉಗುರು ಬೆಳ್ಳಗಾಗಿತ್ತು. ಅಷ್ಟೂ ಭಾರ ಅಲ್ಲಿತ್ತು! ಎದುರು ಕೂತವರಿಗೆ ಅವರ ಬಲಗೈ ಗಿಡ್ಡವಾಗಿ ಕಂಡಿತು. ಪಕ್ಕದಲ್ಲಿದ್ದ ನನಗೆ ಬೆನ್ನಿನ ಪೂರ್ತಿ ಕಮಾನು ಕಂಡಿತು. ಬರೆದದ್ದನ್ನೆಲ್ಲ ನೆಲದ ಮೇಲೆ ಹರಡಿದಾಗ ಒಂದೇ ತಿರುವು ಹತ್ತು ಕಡೆಯಿಂದ ಅಲ್ಲಿತ್ತು. ಆ ಕಲಾವಿದರೂ ಬಗ್ಗಿ ನೋಡಿದರು. "ಇದರಲ್ಲಿ ನನ್ನ ತಾಳ ಲೇಟಾಯ್ತು, ಇದರಲ್ಲಿ ಸರಿಯಾಗಿದೆ" ಎಂದರು. ಕುಣಿಯುವವರೇ ತಿದ್ದಿದ ಮೇಲೆ ಅದಕ್ಕಿಂತ ದೊಡ್ಡ ಪಾಠ ಬೇಕಾ?

ಮನೆಯಲ್ಲೇ ವಿಡಿಯೊ ನಿಲ್ಲಿಸಿಕೊಂಡು ಬರೆಯಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಬರೆಯಬಹುದು, ನಾವೂ ಬರೆಯುತ್ತೇವೆ. ಆದರೆ ವಿಡಿಯೊದಲ್ಲಿ ಆ ಹೆಬ್ಬೆರಳು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಪರದೆಯ ಮೇಲೆ ಎಲ್ಲವೂ ಚಪ್ಪಟೆ. ಜೊತೆಗೆ, ನಾಲ್ಕು ಜನ ಪಕ್ಕದಲ್ಲಿ ಉಸಿರು ಬಿಗಿ ಹಿಡಿದು ಬರೆಯುತ್ತಿರುವಾಗ ನಮ್ಮ ಕೈಗೂ ಒಂದು ಧೈರ್ಯ ಬರುತ್ತದೆ. ನಿಂತವರಿಗೆ ಕೊಡಬೇಕಾದ ಸಂಭಾವನೆಯನ್ನೂ ಹಂಚಿಕೊಳ್ಳಬಹುದು. ಇದನ್ನು ಒತ್ತಿ ಹೇಳುತ್ತೇನೆ: ಬಾಗಿ, ಬಳುಕಿ, ಅಲ್ಲಾಡದೆ ನಿಲ್ಲುವುದು ಮೈ ನೋಯಿಸುವ ದುಡಿಮೆ. ಯಾರನ್ನೂ ಬಿಟ್ಟಿಗೆ ನಿಲ್ಲಿಸಬಾರದು.

ಈಗ ಜಾಗದ ಕಷ್ಟಕ್ಕೆ ಬರುತ್ತೇನೆ. ಒಂದು ಉದ್ಯಾನದಲ್ಲಿ ಕೂತಿದ್ದಾಗ ಕಾವಲಿನವರು ಬಂದು ಪರ್ಮಿಷನ್ ಕೇಳಿದರು. ಯಾರ ಹತ್ತಿರ ತೆಗೆದುಕೊಳ್ಳಬೇಕು ಎಂದರೆ ಅವರಿಗೂ ಗೊತ್ತಿಲ್ಲ. ಬಡಪಾಯಿ, ಅವರ ಮೇಲೆ ನನಗೆ ಸಿಟ್ಟಿಲ್ಲ. ಕ್ಯಾಮೆರಾಗೆ ನಿಯಮ ಇದೆ, ಸ್ಕೆಚ್ ಪುಸ್ತಕಕ್ಕೆ ಇಲ್ಲ. ಹಾಗಾಗಿ ಎಬ್ಬಿಸುವುದೇ ಅವರಿಗೆ ಸುಲಭ. ಬಾಡಿಗೆ ಹಾಲ್ ಕೇಳಿದರೆ ಮದುವೆ ಮನೆಯ ರೇಟು ಹೇಳುತ್ತಾರೆ. ಪೇಟೆ ಬೀದಿಯಲ್ಲಿ ನಿಂತು ಬರೆದರೆ ಜನಕ್ಕೆ ಮುಜುಗರ, ಹೆಣ್ಣುಮಕ್ಕಳಿಗಂತೂ ಜಾಸ್ತಿ. ಅದು ನ್ಯಾಯವೇ. ಅದಕ್ಕೇ ನಾವು ಕೇಳಿಯೇ ಬರೆಯುತ್ತೇವೆ, ಬರೆದದ್ದನ್ನು ತೋರಿಸುತ್ತೇವೆ, ಬೇಡ ಎಂದರೆ ಪುಟ ಹರಿದು ಅವರ ಕೈಗೇ ಕೊಡುತ್ತೇವೆ.

ನಮ್ಮ ಸುತ್ತಮುತ್ತ ಮೈ ಆಡಿಸುವವರಿಗೆ ಬರವೇ? ಗರಡಿ ಮನೆಗಳಲ್ಲಿ ಬೆಳಗಿನ ಜಾವ ಸಾಮು ನಡೆಯುತ್ತದೆ. ಮಂಡ್ಯ ಕಡೆ ಪೂಜಾ ಕುಣಿತ ಇದೆ, ಸೋಮನ ಕುಣಿತ ಇದೆ. ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಂತು ಪಾಕ ತಿರುವುವವರ ಬೆನ್ನು ನೋಡಿ, ಎಂಥ ಗೆರೆ! ಹಳಬರೂ ಇದನ್ನೆಲ್ಲ ಕಣ್ಣಿಟ್ಟು ನೋಡಿದವರೇ. ಶ್ರೀರಂಗಪಟ್ಟಣದ ದರಿಯಾ ದೌಲತ್ 1784ರದ್ದು. ಅದರ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕದನ ಇದೆ. ಕುದುರೆಗಳು ಮುನ್ನುಗ್ಗುತ್ತಿವೆ, ಸವಾರರು ಕತ್ತಿ ಎತ್ತಿದ್ದಾರೆ, ನಡುವೆ ಬ್ರಿಟಿಷರ ಕರ್ನಲ್ ಬೇಯ್ಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ. ಹದಿಮೂರನೇ ಶತಮಾನದ ಸೋಮನಾಥಪುರದ ದೇವಸ್ಥಾನದಲ್ಲಿ ಕೊಳಲು ಹಿಡಿದ ವೇಣುಗೋಪಾಲ ಕತ್ತು, ಸೊಂಟ, ಮಂಡಿ ಮೂರೂ ಕಡೆ ಬಳುಕಿ ನಿಂತಿದ್ದಾನೆ. ನಮ್ಮ ಮಕ್ಕಳೋ ಡ್ರಾಯಿಂಗ್ ಗ್ರೇಡ್ ಪರೀಕ್ಷೆಗೆ ಅಚ್ಚಾದ ಪುಸ್ತಕದ ಗೊಂಬೆಗಳನ್ನು ನೋಡಿ ಕಾಪಿ ಮಾಡುತ್ತಾರೆ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ದಸರಾ ಕುಸ್ತಿ ನಡೆಯುವುದು ದೊಡ್ಡಕೆರೆ ಮೈದಾನದ ಡಿ. ದೇವರಾಜ ಅರಸು ಕ್ರೀಡಾಂಗಣದಲ್ಲಿ. ಅರಮನೆಯ ವಜ್ರಮುಷ್ಟಿ ಕಾಳಗ ರಕ್ತ ಕಂಡ ಕೂಡಲೇ ಮುಗಿದುಹೋಗುತ್ತದೆ, ಬರೆಯಲು ಕೈ ಎತ್ತುವಷ್ಟೂ ಹೊತ್ತು ಸಿಗುವುದಿಲ್ಲ. ಕುಸ್ತಿ ಹಾಗಲ್ಲ. ಇಬ್ಬರು ಪೈಲ್ವಾನರು ಪಟ್ಟು ಹಾಕಿ ಹಣೆಗೆ ಹಣೆ ಒತ್ತಿ ನಿಂತರೆ ಒಂದು ನಿಮಿಷದ ಭಂಗಿ ತಾನಾಗೇ ಸಿಗುತ್ತದೆ. ಗ್ಯಾಲರಿಯ ಮೇಲಿಂದ ಅವರ ಪಾದ ಕಾಣುವುದಿಲ್ಲ. ಪಾದ ಕಾಣದೆ ಭಾರ ಎಲ್ಲಿದೆ ಎಂದು ತಿಳಿಯುವುದಿಲ್ಲ. ಅದಕ್ಕೇ ಮಟ್ಟಿಯ ಪಕ್ಕ, ನೆಲದ ಮಟ್ಟದಲ್ಲಿ, ಒಂದು ಚಾಪೆಯಷ್ಟು ಜಾಗ ಕೇಳುತ್ತಿದ್ದೇನೆ. ಫ್ಲಾಶ್ ಇಲ್ಲ, ಸದ್ದಿಲ್ಲ, ತೀರ್ಪುಗಾರರಿಗೆ ಅಡ್ಡ ಬರುವುದಿಲ್ಲ. ಪೈಲ್ವಾನರ ಒಪ್ಪಿಗೆ ಪಡೆದೇ ಬರೆಯುತ್ತೇವೆ.

ಎರಡೂ ಊರಿನ ಆಡಳಿತದವರಲ್ಲಿ ಇನ್ನೊಂದು ಕೋರಿಕೆ ಇದೆ. ಭಾನುವಾರ ಬೆಳಿಗ್ಗೆ ಖಾಲಿ ಬೀಳುವ ಸರ್ಕಾರಿ ರಂಗಮಂದಿರವೋ ಶಾಲೆಯ ಜಗಲಿಯೋ ಎರಡು ಗಂಟೆ ಹೊತ್ತು ಬಿಟ್ಟುಕೊಡಿ. ಗುಡಿಸಿ, ಇದ್ದಿಲ ಪುಡಿ ಒರೆಸಿ, ಬೀಗದ ಕೈ ವಾಪಸ್ ಕೊಟ್ಟು ಹೋಗುತ್ತೇವೆ. ಉದ್ಯಾನಗಳ ಬೋರ್ಡಿನಲ್ಲಿ "ಚಿತ್ರ ಬರೆಯಲು ಅವಕಾಶವಿದೆ" ಎಂದು ಒಂದು ಸಾಲು ಸೇರಿಸಿದರೆ ಕಾವಲಿನವರಿಗೂ ಗೊಂದಲ ಇರುವುದಿಲ್ಲ. ಆ ಸಾಲನ್ನು ದುಡ್ಡು ಕೇಳದೆ ನಾನೇ ಬಂದು ಬರೆದುಕೊಡುತ್ತೇನೆ, ಬಣ್ಣ ನನ್ನದೇ.

ಕುಸ್ತಿ ಜೋಡಿ ಕಟ್ಟುವ ಮುಂಚೆಯೇ ದಸರಾ ಸಮಿತಿಯವರು ಈ ಬಗ್ಗೆ ಒಂದು ಮಾತು ಹೇಳಿದರೆ ನಮಗೆ ತಯಾರಾಗಲು ಅನುಕೂಲ.

ಇಂತಿ ನಿಮ್ಮ ಓದುಗ,
ಬೋರ್ಡ್ ಬರೆಯುವ ಕಲಾವಿದ, ಮಂಡ್ಯ