ಸೈನ್ಯದ ನಾಯಿ ಬಗ್ಗೆ ಬರೀತಿರೋ ತಮ್ಮನಿಗೆ

ತಮ್ಮಾ,

ನಿನ್ನ ಬರಹ ಓದ್ದೆ. ಜೂಮ್ ಅನ್ನೋ ಸೇನಾ ನಾಯಿ ಫೋಟೋ ನೋಡಿ ರಾತ್ರಿಯೆಲ್ಲಾ ನಿದ್ದೆ ಬರ್ಲಿಲ್ಲ, ಬರ್ದು ಹಾಕಿದ್ರೆ ಯಾರೂ ಓದ್ಲಿಲ್ಲ, ಇನ್ನು ಬರೆಯೋದೇ ಬಿಟ್ಬಿಡ್ತೀನಿ ಅಂತ ಕೊನೇಲಿ ಬರ್ದಿದ್ದೀಯಲ್ಲ, ಅದು ಮನಸ್ಸಿಗೆ ತಟ್ಟಿತು. ಬಿಡೋ ಮಾತು ಸದ್ಯಕ್ಕೆ ಬೇಡ. ಎಷ್ಟು ಉದ್ದ ಇರ್ಬೇಕು, ಎಲ್ಲಿಗೆ ಕಳಿಸ್ಬೇಕು ಅಂತೆಲ್ಲ ಕೇಳಿದ್ದೀಯ, ಅವೆಲ್ಲ ಬರೀತಾ ಬರೀತಾ ಗೊತ್ತಾಗುತ್ತೆ.

ನನ್ನ ತಕರಾರು ಬೇರೆ. ಪುಟದ ತುಂಬಾ ನಿನ್ನ ಕಣ್ಣೀರೇ ಇದೆ ಕಣೋ, ಜೂಮ್ ಏನ್ ಮಾಡ್ತು ಅನ್ನೋದು ಒಂದೇ ಸಾಲು. 2022ರ ಅಕ್ಟೋಬರಲ್ಲಿ ಅನಂತನಾಗ್ ಹತ್ರ ತಂಗ್‌ಪಾವಾದಲ್ಲಿ ಉಗ್ರರು ಅಡಗಿದ್ದ ಮನೆಯೊಳಗೆ ಜವಾನರಿಗಿಂತ ಮೊದಲು ಅದನ್ನ ಬಿಟ್ರು, ಎರಡು ಗುಂಡು ತಗುಲಿದ್ರೂ ಕೆಲಸ ನಿಲ್ಲಿಸ್ಲಿಲ್ಲ, ಶ್ರೀನಗರದ ಸೇನಾ ಪಶು ಆಸ್ಪತ್ರೇಲಿ ಆಪರೇಷನ್ ಆಯ್ತು, 13ನೇ ತಾರೀಕು ತೀರ್ಕೊಂಡ್ತು. ವಯಸ್ಸು ಎರಡು ವರ್ಷ ಚಿಲ್ಲರೆ. ಇಷ್ಟು ಬರೆದ್ರೆ ಓದೋನು ತಾನಾಗೇ ಅಳ್ತಾನೆ, ಅವನ ಪರವಾಗಿ ನೀನ್ಯಾಕೆ ಅಳ್ಬೇಕು?

ಜೂಮ್‌ಗೆ ಸಲ್ಲಿಸಿದ ಶ್ರದ್ಧಾಂಜಲಿ ಫೋಟೋಗಳನ್ನ ಇನ್ನೊಂದ್ಸಲ ನೋಡು. ಸೈನ್ಯದಲ್ಲಿ ಯಾರು ಯಾರಿಗೆ ಮೊದಲು ಸೆಲ್ಯೂಟ್ ಹೊಡೀಬೇಕು ಅನ್ನೋದಕ್ಕೆಲ್ಲ ಲೆಕ್ಕ ಇದೆ, ಅಂಥಾದ್ರಲ್ಲಿ ದೊಡ್ಡ ದೊಡ್ಡ ಅಧಿಕಾರಿಗಳು ಒಂದು ನಾಯಿಗೋಸ್ಕರ ಹೂವಿಟ್ಟು ನೆಟ್ಟಗೆ ನಿಲ್ತಾರಲ್ಲ, ನಮ್ಮ ಗಂಟಲು ಕಟ್ಟೋದು ಅಲ್ಲಿ. ಇದನ್ನ ನೀನು ಗಮನಿಸೇ ಇಲ್ಲ.

ಪೆಸಿಫಿಕ್ ಸಾಗರದ ಗುವಾಮ್ ದ್ವೀಪದಲ್ಲಿ ಯುದ್ಧದ ನಾಯಿಗಳ ಸ್ಮಾರಕ ಒಂದಿದೆ, 1994ರದ್ದು. ಕಂಚಿನ ಡಾಬರ್‌ಮನ್ ಮಲಗಿದೆ, ಆದ್ರೆ ಕಿವಿ ನಿಮಿರಿದೆ, ಕಾವಲು ಇನ್ನೂ ಮುಗಿದಿಲ್ಲ ಅನ್ನೋ ಹಾಗೆ. ಕೆಳಗೆ ಎರಡನೇ ಮಹಾಯುದ್ಧದಲ್ಲಿ, 1944ರಲ್ಲಿ, ಅಲ್ಲಿ ಸತ್ತ ಅಮೆರಿಕಾ ಸೇನೆಯ 25 ನಾಯಿಗಳ ಹೆಸರು ಕೆತ್ತಿದ್ದಾರೆ, ಕರ್ಟ್, ಕೋಕೋ, ಸ್ಕಿಪ್ಪರ್ ಅಂತ. ಒಂದೊಂದು ಹೆಸರನ್ನೂ ಯಾರೋ ಒಬ್ಬ ಹ್ಯಾಂಡ್ಲರ್, ಅಂದ್ರೆ ಆ ನಾಯಿನ ನೋಡ್ಕೊಳ್ಳೋ ಸೈನಿಕ, ದಿನಾ ಕೂಗ್ತಿದ್ದ ಅಂತ ನೆನಪಾದ್ರೆ ಸಾಕು.

ಸುಳ್ಳು ಚಿತ್ರ ಕಂಡ್ರೆ ಮಾತ್ರ ನನಗೆ ಮೈ ಉರಿಯುತ್ತೆ. 2019ರಲ್ಲಿ ಅಮೆರಿಕಾ ಅಧ್ಯಕ್ಷ ಟ್ರಂಪ್, ಐಸಿಸ್ ಮುಖಂಡ ಬಾಗ್ದಾದಿ ಮೇಲಿನ ದಾಳಿಯಲ್ಲಿದ್ದ ಕಾನನ್ ಅನ್ನೋ ಸೇನಾ ನಾಯಿ ಕೊರಳಿಗೆ ತಾನೇ ಪದಕ ಹಾಕ್ತಿರೋ ಚಿತ್ರ ಹಂಚಿಕೊಂಡ್ರು, ಮೂಲ ಫೋಟೋದಲ್ಲಿ ಇದ್ದದ್ದು ವಿಯೆಟ್ನಾಂನಲ್ಲಿ ಗಾಯಾಳುಗಳನ್ನ ಉಳಿಸಿದ ಒಬ್ಬ ಸೈನಿಕ. ಆ ನಾಯಿ ಮಾಡಿದ ಕೆಲಸ ನಿಜಾನೇ ಇತ್ತು, ಅದಕ್ಕೆ ಇನ್ನೊಬ್ಬರ ಗೌರವ ಕದ್ದು ಯಾಕೆ ಅಂಟಿಸ್ಬೇಕು? ನಮ್ಮಲ್ಲೂ ಅಷ್ಟೇ. ಹಿಂದೆ ನಾನು ಮುಧೋಳ ನಾಯಿ ಬಗ್ಗೆ ಒಂದು ಲೇಖನ ಬರೆದಿದ್ದೆ, ನಮ್ಮ ಬಾಗಲಕೋಟೆ ಕಡೆ ಬೇಟೆನಾಯಿ 2016ರಲ್ಲಿ ಮೀರತ್‌ನ ಸೇನಾ ತರಬೇತಿಗೆ ಹೋದ ವಿಷಯ, ಸಂಪಾದಕರು ಅದರ ಮೇಲೆ ಜರ್ಮನ್ ಶೆಫರ್ಡ್ ಫೋಟೋ ಹಾಕಿದ್ರು. ಕೇಳಿದ್ರೆ ಓದೋರಿಗೆ ಏನ್ ಗೊತ್ತಾಗುತ್ತೆ ಬಿಡಿ ಅಂದ್ರು. ಆ ಸಣಕಲು ಸೊಂಟ, ಉದ್ದ ಮೂತಿ ನೋಡಿದ ಮುಧೋಳದ ಚಿಕ್ಕ ಮಕ್ಕಳಿಗೂ ಗೊತ್ತಾಗುತ್ತೆ! ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಇನ್ನೊಂದು. ಕೆಂಟ್ ಅನ್ನೋ ಹೆಣ್ಣು ಸೇನಾ ನಾಯಿ ಬಗ್ಗೆ, ದೇಶಕ್ಕಾಗಿ ಪ್ರಾಣ ಕೊಟ್ಲು ಅಂತ ಬರ್ದಿದ್ದೀಯ. 2023ರ ಸೆಪ್ಟೆಂಬರಲ್ಲಿ ರಜೌರಿಯಲ್ಲಿ ಆ ಲ್ಯಾಬ್ರಡಾರ್ ಉಗ್ರರ ಜಾಡು ಹಿಡಿದು ಮುಂದೆ ಓಡಿತ್ತು, ಗುಂಡು ಬಂದಾಗ ಹ್ಯಾಂಡ್ಲರನ್ನ ಕಾಪಾಡಿ ಸತ್ತಿತು. ಅದಕ್ಕೆ ಗಡಿ ಗೊತ್ತಿಲ್ಲ, ಬಾವುಟ ಗೊತ್ತಿಲ್ಲ, ಗೊತ್ತಿದ್ದದ್ದು ಒಬ್ಬ ಮನುಷ್ಯ. ಲಂಡನ್ನಿನ ಪಾರ್ಕ್ ಲೇನಲ್ಲಿ ಯುದ್ಧದಲ್ಲಿ ಸತ್ತ ಪ್ರಾಣಿಗಳ ಸ್ಮಾರಕ ಇದೆ, ಅವಕ್ಕೆ ಆಯ್ಕೆಯೇ ಇರಲಿಲ್ಲ ಅಂತ ಅದರ ಮೇಲೆ ಬರೆದಿದ್ದಾರೆ. ಅದನ್ನೂ ಒಪ್ಪಿಕೊಂಡು ಬರಿ, ಗೌರವ ಏನೂ ಕಮ್ಮಿ ಆಗಲ್ಲ. ನಮ್ಮಲ್ಲೇ ನಿವೃತ್ತಿಯಾದ ಸೇನಾ ನಾಯಿಗಳನ್ನ ಸಾಯಿಸೋ ಪದ್ಧತಿ ಇತ್ತು, ದೆಹಲಿ ಹೈಕೋರ್ಟಲ್ಲಿ ಪ್ರಶ್ನೆ ಎದ್ದ ಮೇಲೆ ಬದಲಾಯ್ತು, ಈಗ ದತ್ತು ಕೊಡ್ತಾರೆ. ಬರೀ ಸೆಲ್ಯೂಟ್ ಫೋಟೋ ನೋಡ್ತಾ ಕೂತ್ರೆ ಇದು ಕಾಣಲ್ಲ ನೋಡು.

ನಿನಗೆ ಬರೆಯೋ ಕೈ ಇದೆ, ಸುಮ್ಮನೆ ಹೊಗಳ್ತಿಲ್ಲ. ಬ್ಯಾಂಡೇಜ್ ಸುತ್ತಿದ ಕಾಲಿನ ಬಗ್ಗೆ ಬರ್ದಿದ್ದೀಯಲ್ಲ, ಅದೊಂದು ವಾಕ್ಯ ನಿಜವಾಗ್ಲೂ ನೋಡಿ ಬರೆದದ್ದು, ಅದನ್ನ ಉಳಿಸ್ಕೋ. ಮಿಕ್ಕಿದ್ದು ತೆಗೆದು ಕೆಂಟ್ ಬಗ್ಗೆ ಹೊಸದಾಗಿ ಬರಿ, "ನಾನು" ಅನ್ನೋ ಪದ ಒಂದ್ಸಲಾನೂ ಬರಬಾರದು. ಮುಂದಿನ ವಾರದೊಳಗೆ ಕಳಿಸು, ಕಾಯ್ತಿರ್ತೀನಿ.

ನಿನ್ನಣ್ಣ